ಬಾವಿಯ ಹದಿನಾರನೆಯ ಆಣೆ

ನನಗೆ ಒಂದು ರೊಟ್ಟಿ ಅರ್ಥವಾಗುತ್ತದೆ. ಅರ್ಧ ರೊಟ್ಟಿಯೂ ಅರ್ಥವಾಗುತ್ತದೆ. ಕಾಲು ರೊಟ್ಟಿ ಎಂದರೆ ಹೊಟ್ಟೆ ತುಂಬಿದ ಬೀಗರು ಬಡಿಸುವವರ ಮನಸ್ಸು ನೋಯದಿರಲೆಂದು ಹಾಕಿಸಿಕೊಳ್ಳುವ ತುಂಡು, ಅದನ್ನೂ ಬಲ್ಲೆ. ಆದರೆ ಮೂರನೇ ಒಂದು ರೊಟ್ಟಿ ಎಂಬುದನ್ನು ಈ ಅರವತ್ತೆರಡು ವರ್ಷಗಳಲ್ಲಿ ನಾನು ಕಂಡಿಲ್ಲ, ಉಂಡಿಲ್ಲ, ಯಾರ ತಾಟಿನಲ್ಲೂ ನೋಡಿಲ್ಲ. ಹೀಗಿರುವಾಗ ಅರ್ಧಕ್ಕೆ ಮೂರನೇ ಒಂದನ್ನು ಕೂಡಿಸು, ಬಂದದ್ದರಲ್ಲಿ ಕಾಲು ಕಳೆ ಎಂದು ಎಳೆಯ ಮಕ್ಕಳನ್ನು ಹಿಡಿದು ಕೂರಿಸಿ ಕೇಳುವ ಶಾಸ್ತ್ರವನ್ನು ಯಾರು ಕಂಡುಹಿಡಿದರೋ, ಅವರ ಮನೆಯಲ್ಲಿ ಖಂಡಿತ ಮಕ್ಕಳಿರಲಿಲ್ಲ. ಪೂರ್ಣಸಂಖ್ಯೆಗಳು ಸಭ್ಯರು. ಬಂದರೆ ಇಡಿಯಾಗಿ ಬರುತ್ತವೆ, ಹೋದರೆ ಇಡಿಯಾಗಿ ಹೋಗುತ್ತವೆ. ಭಿನ್ನರಾಶಿಗಳು ಹಾಗಲ್ಲ. ಒಬ್ಬನ ಹೆಗಲ ಮೇಲೆ ಒಬ್ಬ ಹತ್ತಿಕೊಂಡೇ ಬರುತ್ತಾರೆ. ಕೆಳಗಿನವನನ್ನು ಸಮಾಧಾನ ಮಾಡದ ಹೊರತು ಮೇಲಿನವನು ಮಾತೇ ಆಡುವುದಿಲ್ಲ. ಆ ಕೆಳಗಿನವನಿಗೆ ಛೇದ ಎಂದು ಹೆಸರು. ಎರಡು ಭಿನ್ನರಾಶಿಗಳನ್ನು ಕೂಡಿಸಬೇಕೆಂದರೆ ಮೊದಲು ಎರಡರ ಛೇದವನ್ನೂ ಒಂದೇ ಮಾಡಬೇಕಂತೆ. ನಮ್ಮ ಕಡೆ ಇಬ್ಬರು ಬೀಗರನ್ನು ಒಂದೇ ಹೊರಸಿನ ಮೇಲೆ ಕೂರಿಸುವುದಕ್ಕೇ ಮೂರು ದಿನ ಹಿಡಿಯುತ್ತದೆ, ಇನ್ನು ಇದು ಎಲ್ಲಿಯ ಮಾತು?

ನಾನು ಮಾತು ಕಲಿತದ್ದು ನಮ್ಮ ಆಯಿಯ ಮಡಿಲಲ್ಲಿ. ನಮ್ಮ ಸರಸಂಬಾದಲ್ಲಿ ಅಜ್ಜಿಗೆ ಆಯಿ ಎಂದೂ ಅಜ್ಜನಿಗೆ ಮುತ್ಯಾ ಎಂದೂ ಕರೆಯುವುದು ರೂಢಿ. ಆಯಿಗೆ ಅಕ್ಷರ ಬರುತ್ತಿರಲಿಲ್ಲ. ಆದರೆ ಪಾವು, ಪೌಣೆ, ಸವ್ವಾ, ದೀಡ, ಅಡೀಚ, ಅಂದರೆ ಕಾಲು, ಮುಕ್ಕಾಲು, ಒಂದೂಕಾಲು, ಒಂದೂವರೆ, ಎರಡೂವರೆ, ಇವೆಲ್ಲ ಬೀಸುವ ಕಲ್ಲಿನ ಜೊತೆಗೆ ಅವಳ ಬಾಯಿಂದ ಉರುಳಿ ಬರುತ್ತಿದ್ದವು. "ದೀಡ ಸೇರಿನ್ಯಾಗ ಪಾವು ತಗದ್ರ ಎಷ್ಟೋ?" ಎಂದು ಕೇಳಿ, ನಾನು ಬೆರಳು ಮಡಚುವುದರೊಳಗೆ "ಸವ್ವಾ, ಮಬ್ಬ" ಎಂದು ತಾನೇ ಉತ್ತರ ಹೇಳಿ ಹಿಟ್ಟನ್ನು ಬಾಚುತ್ತಿದ್ದಳು. ಅವಳ ಭಾಷೆಯಲ್ಲಿ ಅರ್ಧಕ್ಕೆ, ಕಾಲಿಗೆ, ಮುಕ್ಕಾಲಿಗೆ ಮನೆಯವರ ಹಾಗೆ ಹೆಸರಿತ್ತು. ಮೂರನೇ ಒಂದಕ್ಕೆ ಹೆಸರೇ ಇರಲಿಲ್ಲ. ಹೆಸರಿಲ್ಲದವರ ಜೊತೆ ವ್ಯವಹಾರ ಇಟ್ಟುಕೊಳ್ಳಬಾರದು ಎಂಬುದನ್ನು ನಾನು ಆಗಲೇ ಕಲಿಯಬೇಕಿತ್ತು.

ಇನ್ನು ಆಣೆಯ ಲೆಕ್ಕ. ರೂಪಾಯಿಯೊಳಗಿನ ಆಣೆ ಸತ್ತು ಎಷ್ಟೋ ಕಾಲವಾಯಿತು, ಆದರೆ ನಮ್ಮವರ ನಾಲಿಗೆಯಲ್ಲಿ ಅದಕ್ಕೆ ಇನ್ನೂ ಸಾವಿಲ್ಲ. ಪೂರ್ತಿ ಎಂದರೆ ಹದಿನಾರಾಣೆ. ತೊಗರಿ ಅರ್ಧ ಬಂದರೆ "ಎಂಟಾಣಿ ಬೆಳಿ". ಮಾತು ನಿಜವಾದರೆ "ಹದಿನಾರಾಣಿ ಖರೆ". ಮನುಷ್ಯರನ್ನೂ ಹೀಗೇ ಅಳೆಯುತ್ತಿದ್ದರು. ನಾನು ಏಳನೆಯ ಇಯತ್ತೆ ಪಾಸಾದಾಗ ಮುತ್ಯಾ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಹುಡುಗ ಒಂಬತ್ತಾಣಿ ಇದ್ದಾನ. ಮುಂದ ಕಲ್ತ್ರ ಹನ್ನೊಂದರ ತನಾ ಹೋದಾನು" ಎಂದು ತೀರ್ಪು ಕೊಟ್ಟಿದ್ದ. ಆ ಎರಡಾಣೆಗಾಗಿ ನಾನು ಎಂ.ಎ. ತನಕ ಓದಿದೆ. ಅದಿರಲಿ, ಈ ಪದ್ಧತಿಯ ಜಾಣತನ ನೋಡಿ. ಎಲ್ಲರ ಛೇದವೂ ಹುಟ್ಟುವಾಗಲೇ ಹದಿನಾರು. ಅರ್ಧ ಎಂದರೆ ಎಂಟು, ಕಾಲು ಎಂದರೆ ನಾಲ್ಕು, ಅರೆಪಾವು ಎಂದರೆ ಎರಡು. ಕೂಡಿಸಿ, ಕಳೆಯಿರಿ, ಬೆರಳು ಸಾಕು. ಸಮ ಮಾಡುವ ರಗಳೆಯೇ ಇಲ್ಲ. ಒಂದೇ ಒಂದು ತೊಡಕು: ಹದಿನಾರರೊಳಗೆ ಮೂರು ಸರಿಯಾಗಿ ಹೋಗುವುದಿಲ್ಲ. ನನ್ನ ಹೈರಾಣವೆಲ್ಲ ಆ ತೊಡಕಿನಲ್ಲಿ ಹುಟ್ಟಿದ್ದು.

ಅದನ್ನು ಹೇಳುವ ಮೊದಲು ನನ್ನ ಯೋಗ್ಯತೆಯನ್ನು ಒಪ್ಪಿಕೊಂಡುಬಿಡಬೇಕು. ನಾನು ಕನ್ನಡ ಮಾಸ್ತರ. ಆಳಂದ ತಾಲೂಕಿನ ಖಜೂರಿಯಲ್ಲಿ ಶುರುಮಾಡಿ, ಅಫಜಲಪುರದಲ್ಲಿ ಹನ್ನೊಂದು ವರ್ಷ ಕಳೆದು, ಜೇವರ್ಗಿಯಲ್ಲಿ ನಿವೃತ್ತನಾದವನು. ಮೂರು ತಾಲೂಕಿನ ಮಕ್ಕಳಿಗೆ ಸಂಧಿ ಸಮಾಸ ಬಿಡಿಸಿ ಹೇಳಿದ್ದೇನೆ. ಜೇವರ್ಗಿಯ ಶಾಲೆಯಲ್ಲಿ ಒಮ್ಮೆ ಗಣಿತದ ಮಾಸ್ತರರು ರಜೆ ಹಾಕಿದಾಗ ಹೆಡ್‌ಮಾಸ್ತರರು ನನ್ನನ್ನು ಅವರ ತರಗತಿಗೆ ಅಟ್ಟಿದರು. "ಕಲಿಸಬ್ಯಾಡ್ರಿ, ಬರೀ ಸದ್ದು ಆಗದಂಗ ನೋಡಿಕೋರಿ" ಎಂದು ಸ್ಪಷ್ಟವಾಗಿ ಹೇಳಿಯೇ ಕಳಿಸಿದ್ದರು. ನನಗೆ ಅದು ಅವಮಾನವೆನಿಸಿತು. ಬೋರ್ಡಿನ ಮೇಲೆ ಅರ್ಧ, ಪಕ್ಕದಲ್ಲಿ ಮೂರನೇ ಒಂದು ಎಂದು ಬರೆದು, ಮೇಲಿನದನ್ನು ಮೇಲಿನದರ ಜೊತೆ, ಕೆಳಗಿನದನ್ನು ಕೆಳಗಿನದರ ಜೊತೆ ಕೂಡಿಸಿ, ಐದನೇ ಎರಡು ಎಂದು ಉತ್ತರ ಬರೆದು ಕೈ ಝಾಡಿಸಿಕೊಂಡೆ. ಎರಡನೇ ಸಾಲಿನ ಒಂದು ಹುಡುಗಿ ಎದ್ದು ನಿಂತು, "ಸರ್, ಅರ್ಧಕ್ಕ ಇನ್ನಷ್ಟು ಕೂಡಿಸಿದ್ರ ಅರ್ಧಕ್ಕಿಂತ ಕಮ್ಮಿ ಆಗ್ತದೇನ್ರಿ?" ಎಂದು ಬಹಳ ವಿನಯದಿಂದ ಕೇಳಿದಳು. ನಾನು ಬೋರ್ಡು ನೋಡಿದೆ. ಬೋರ್ಡು ನನ್ನನ್ನು ನೋಡಿತು. "ಕೆಲವು ಮನಿಯೊಳಗ ಹಂಗ ಆಗ್ತದವ್ವಾ, ಕೂತ್ಕೋ" ಎಂದೆ. ರಜೆ ಮುಗಿಸಿ ಬಂದ ಗಣಿತದ ಮಾಸ್ತರರು ಆ ಲೆಕ್ಕದ ಸುತ್ತ ಸೀಮೆಸುಣ್ಣದಿಂದ ಚೌಕಟ್ಟು ಹಾಕಿ, 'ಅಳಿಸಬಾರದು' ಎಂದು ಬರೆದು ಒಂದು ವಾರ ಇಟ್ಟಿದ್ದರು.

ಇಂಥವನು ಎರಡು ವರ್ಷದ ಹಿಂದೆ ನಿವೃತ್ತನಾಗಿ ಊರಿಗೆ ಬಂದೆ. ಊರಿನಲ್ಲಿ ಮಾಸ್ತರ ಎಂದರೆ ಮಾಸ್ತರ. ಯಾವ ವಿಷಯದವನು ಎಂದು ಯಾರೂ ಕೇಳುವುದಿಲ್ಲ. ಎಮ್ಮೆಗೆ ಔಷಧಿ, ಬ್ಯಾಂಕಿನ ಅರ್ಜಿ, ಹೆಣ್ಣು ಕೊಡುವ ಮಾತು, ಎಲ್ಲದಕ್ಕೂ "ಮಾಸ್ತರ ಕಾಕಾನ ಕೇಳ್ರಿ" ಎನ್ನುತ್ತಾರೆ. ನಾನೂ ಬೇಡವೆನ್ನುವುದಿಲ್ಲ. ಬೇಡವೆನ್ನುವ ಶಕ್ತಿ ಇದ್ದಿದ್ದರೆ ಮುತ್ಯಾ ಹನ್ನೆರಡಾಣೆ ಎನ್ನುತ್ತಿದ್ದ.

ಈಗ ಬಾವಿಯ ಸಂಗತಿ. ಮುತ್ಯಾನಿಗೆ ಮೂವರು ಗಂಡುಮಕ್ಕಳು: ನಮ್ಮ ದೊಡ್ಡಪ್ಪ, ನಮ್ಮಪ್ಪ, ನಮ್ಮ ಕಾಕಾ, ಅಂದರೆ ಚಿಕ್ಕಪ್ಪ. ಹೊಲ ಪಾಲು ಮಾಡುವಾಗ ಹಗ್ಗ ಹಿಡಿದು ಅಳೆದು ಮೂರು ತುಂಡು ಮಾಡಿದರು. ಬಾವಿಯನ್ನು ತುಂಡು ಮಾಡುವುದು ಹೇಗೆ? ಅದಕ್ಕೆ ಮುತ್ಯಾ ನೀರಿನ ಪಾಳಿ ಕಟ್ಟಿಕೊಟ್ಟ. ಬಾವಿ ಹದಿನಾರಾಣೆ, ಒಂದು ಆಣೆಗೆ ಒಂದು ದಿನ. ದೊಡ್ಡಪ್ಪನ ಮನೆಗೆ ಐದು ದಿನ ನೀರು, ನಮ್ಮ ಮನೆಗೆ ಐದು, ಕಾಕಾನ ಮನೆಗೆ ಐದು. ಹದಿನೈದಾಯಿತು. ಉಳಿದ ಒಂದು ದಿನ ಯಾರದೂ ಅಲ್ಲ. ಮತ್ತೆ ಹೊಸ ಸುತ್ತು. ಆ ಉಳಿದ ದಿನಕ್ಕೆ 'ಉಳದಾಣಿ' ಎಂದು ಹೆಸರು ಬಿತ್ತು. ಅವತ್ತು ಯಾರ ಹೊಲಕ್ಕೂ ನೀರು ಹರಿಯುವುದಿಲ್ಲ. ಮೂರೂ ಮನೆಯ ಹೆಣ್ಣುಮಕ್ಕಳು ಹಳೆ ಸೀರೆಗಳನ್ನು ಪದರ ಪದರ ಹೊಲಿದು ಮಾಡಿದ ಕೌದಿಗಳನ್ನು ಹೊತ್ತು ಬಾವಿಗೆ ಹೋಗಿ, ಒಗೆದು, ಬುತ್ತಿ ಉಂಡು, ಸಂಜೆಗೆ ಬರುತ್ತಾರೆ. ಗಂಡಸರು ಆ ಕಡೆ ಸುಳಿಯುವುದಿಲ್ಲ. ಇದು ನಾನು ಚಡ್ಡಿ ಹಾಕುವ ಕಾಲದಿಂದ ನಡೆದು ಬಂದದ್ದು. ನನ್ನ ತಿಳಿವಳಿಕೆಯಲ್ಲಿ ಇದರ ಕಾರಣ ಬಹಳ ಸರಳ: ಮುತ್ಯಾನಿಗೆ ಹದಿನಾರನ್ನು ಮೂರರಿಂದ ಭಾಗಿಸಲು ಬರಲಿಲ್ಲ, ಮಿಕ್ಕಿದ್ದನ್ನು ಅಲ್ಲೇ ಬಿಟ್ಟ. ಪಾಪ, ಹಿಂದಿನ ಕಾಲದವನು ಎಂದು ನಾನು ಮನಸ್ಸಿನಲ್ಲೇ ಅವನನ್ನು ಕ್ಷಮಿಸಿದ್ದೆ.

ನಾನು ಒಬ್ಬನೇ ಮಗನಾದ್ದರಿಂದ ನಮ್ಮ ಮನೆಯ ಐದು ದಿನ ಐದಾಗಿಯೇ ಉಳಿದವು. ಆದರೆ ದೊಡ್ಡಪ್ಪನ ಮನೆಯಲ್ಲಿ ಈಗ ಮೊಮ್ಮಕ್ಕಳು ಇಬ್ಬರು, ಶಿವಶರಣ ಮತ್ತು ಅವನ ತಮ್ಮ, ಬೇರೆಯಾಗಿದ್ದಾರೆ. ಐದನ್ನು ಎರಡು ಮಾಡಿದರೆ ತಲೆಗೆ ಎರಡೂವರೆ ದಿನ. ಕಾಕಾನ ಮನೆಯಲ್ಲೂ ಮೊಮ್ಮಕ್ಕಳು ಮೂವರು, ಅಂಬಾರಾಯ ಮತ್ತು ಅವನ ತಮ್ಮಂದಿರಿಬ್ಬರು; ಅವರೂ ಬೇರೆ. ಐದನ್ನು ಮೂರು ಮಾಡಿದರೆ ತಲೆಗೆ ಒಂದು ದಿನ, ಮೇಲೆ ಮೂರನೇ ಎರಡು ದಿನ. ಆ ಹೆಸರಿಲ್ಲದ ಪ್ರಾಣಿ ಇಲ್ಲಿ ಬಂದು ಕೂತಿತು ನೋಡಿ. ಬಾವಿಗೆ ಬಿಸಿಲಿನಿಂದ ನಡೆಯುವ ಮೋಟಾರು ಹಾಕಿಸಿದ ಮೇಲೆ ಹೊತ್ತು ಮೂಡಿದಾಗಿನಿಂದ ಮುಳುಗುವ ತನಕ ದಿನಕ್ಕೆ ಹನ್ನೆರಡು ತಾಸು ಎಂದು ಹಿಡಿದಿದ್ದರು. ಶಿವಶರಣನ ಪಾಳಿ ಮೂರನೆಯ ದಿನ ನಡುಹಗಲಿಗೆ ಮುಗಿಯಬೇಕು. ನಡುಹಗಲು ಯಾವಾಗ? ಅವನು ಬೇವಿನ ಮರದ ನೆರಳು ನೋಡಿ ಹೇಳುತ್ತಾನೆ, ತಮ್ಮ ಮೊಬೈಲು ನೋಡಿ ಹೇಳುತ್ತಾನೆ. ನೆರಳಿಗೂ ಮೊಬೈಲಿಗೂ ಅರ್ಧ ತಾಸಿನ ಜಗಳ. ಅಂಬಾರಾಯನ ಮನೆಯಲ್ಲಂತೂ ಮೂರನೇ ಎರಡು ದಿನ ಎಂದರೆ ಎಷ್ಟು ಎಂಬುದಕ್ಕೇ ಮೂವರಿಗೆ ಮೂರು ಅಭಿಪ್ರಾಯ. ಒಂದು ದಿನ ನೀರು ಕಾಲುವೆಯಲ್ಲಿ ಅರ್ಧ ದಾರಿಗೆ ಬಂದಿದ್ದಾಗ ಮೋಟಾರು ಬಂದ್ ಮಾಡಿದರು ಎಂದು ಅಣ್ಣತಮ್ಮಂದಿರು ಒಬ್ಬರ ಅಂಗಿ ಒಬ್ಬರು ಹಿಡಿದರು. ಅದಾದ ಮೇಲೆ ಐದೂ ಜನರ ಕಣ್ಣು ಒಟ್ಟಿಗೆ ಆ ಉಳದಾಣಿಯ ಮೇಲೆ ಬಿತ್ತು. ಜಗಳವಾಡುವಾಗ ಐದು ದಿಕ್ಕಿಗಿದ್ದವರು ಯಾರದೂ ಅಲ್ಲದ್ದನ್ನು ಹಂಚಿಕೊಳ್ಳುವಾಗ ಒಂದೇ ದಿಕ್ಕಿಗೆ ಬಂದರು.

ಐದೂ ಜನ ಒಂದು ಮುಂಜಾನೆ ನಮ್ಮ ಕಟ್ಟೆಗೆ ಬಂದು ಕೂತರು. ಮುಖದಲ್ಲಿ ಅಂಥ ಸಂತೋಷವನ್ನು ನಾನು ಅವರ ಲಗ್ನದಲ್ಲೂ ನೋಡಿರಲಿಲ್ಲ.

"ಕಾಕಾ, ಎಲ್ಲಾ ಬಗಿಹರೀತು ನೋಡ್ರಿ" ಎಂದ ಶಿವಶರಣ. "ಉಳದಾಣಿ ದಿನಾ ಸುಮ್ಮನ ಖಾಲಿ ಹೋಗಾಕತ್ತದ. ಅದನ್ನ ಹಂಚಿಕೊಂಡೇವಿ. ನಮ್ಮದು ಹಿರೇ ಮನಿ, ನಮಗ ಅರ್ಧಾ ದಿನಾ. ಅಂಬಾರಾಯನ ಮನ್ಯಾಗ ಮೂರು ಮಂದಿ, ಅವರಿಗೆ ಮೂರನೇ ಒಂದು. ನಿಮ್ಮದು ಒಂದ ಹೊಟ್ಟಿ, ನಿಮಗ ಪಾವು ದಿನಾ. ಯಾರದೂ ತಕರಾರ ಇಲ್ಲ."

"ಹದಿನಾರಾಣಿ ರಾಜಿ" ಎಂದ ಅಂಬಾರಾಯ. "ನೀವ ಒಂದು ಕಾಗದದ ಮ್ಯಾಗ ಬರದು ಕೊಡ್ರಿ, ಸಹಿ ಮಾಡ್ತೇವಿ."

ನಾನು ಪೆನ್ನು ತೆಗೆದೆ. ಅರ್ಧ ಬರೆದೆ, ಮೂರನೇ ಒಂದು ಬರೆದೆ, ಕಾಲು ಬರೆದೆ. ಜೇವರ್ಗಿಯ ಆ ಹುಡುಗಿ ನನ್ನ ಬೆನ್ನ ಹಿಂದೆ ಎದ್ದು ನಿಂತಂತಾಯಿತು. ಈ ಸಲ ಮೋಸ ಹೋಗಬಾರದೆಂದು ಎರಡು, ಮೂರು, ನಾಲ್ಕು ಈ ಮೂರಕ್ಕೂ ಒಗ್ಗುವ ಛೇದ ಯಾವುದೆಂದು ತಡಕಾಡಿ, ಹನ್ನೆರಡು ಎಂದು ಹಿಡಿದೆ. ಅರ್ಧವೆಂದರೆ ಹನ್ನೆರಡರಲ್ಲಿ ಆರು. ಮೂರನೇ ಒಂದೆಂದರೆ ನಾಲ್ಕು. ಕಾಲು ಎಂದರೆ ಮೂರು. ಆರು, ನಾಲ್ಕು, ಹತ್ತು, ಮೂರು, ಹದಿಮೂರು. ಮತ್ತೊಮ್ಮೆ ಕೂಡಿಸಿದೆ. ಮತ್ತೂ ಹದಿಮೂರು.

"ಏ, ಇದು ಕೂಡಂಗಿಲ್ಲ" ಎಂದೆ. "ಹನ್ನೆರಡು ತಾಸಿನ ದಿನದೊಳಗ ನೀವು ಹದಿಮೂರು ತಾಸು ಹಂಚೀರಿ."

"ಒಂದ ತಾಸು ಹೌದಲ್ರಿ" ಎಂದ ಶಿವಶರಣ. "ಮನಿ ಮನಿಯೊಳಗ ಒಂದ ತಾಸಿಗೆ ಯಾಕ ಜಗ್ಗಾಡೂದು?"

"ಜಗ್ಗಾಡೂದಲ್ಲೋ. ಆ ತಾಸು ಇಲ್ಲೇ ಇಲ್ಲ. ಎಲ್ಲಿಂದ ತರ್ತಿ?"

"ಮರದಿನದಿಂದ ತಗೊಂಡ್ರ ಆತು."

"ಮರದಿನಾ ನಿಂದ ಪಾಳಿ ಶುರು ಆಗ್ತದಲ್ಲೋ ಮಾರಾಯಾ!"

ಶಿವಶರಣನ ಮುಖದ ಲಗ್ನದ ಕಳೆ ಇಳಿಯಿತು. "ನಂದ್ಯಾಕ ತಗೋತೀರಿ? ಹಿಂದಿನ ದಿನದಿಂದ ತಗೋರಿ" ಎಂದ. ಹಿಂದಿನ ದಿನ ಅಂಬಾರಾಯನ ಕಡೆಯ ತಮ್ಮನದು. ಅವನು ಕಟ್ಟೆಯಿಂದಲೇ ಎದ್ದು ನಿಂತ. ಹತ್ತು ನಿಮಿಷ ಗದ್ದಲ. ಎಲ್ಲರಿಗೂ ಅರ್ಧ, ಮೂರನೇ ಒಂದು, ಕಾಲು ಎಂಬ ಮಾತುಗಳು ಒಪ್ಪಿಗೆ; ಮೊತ್ತ ಮಾತ್ರ ಯಾರಿಗೂ ಬೇಡ. ತಪ್ಪು ತಮ್ಮ ಹಂಚಿಕೆಯಲ್ಲ, ನನ್ನ ಕೂಡಿಸುವುದರಲ್ಲಿದೆ ಎಂದು ಅವರ ಖಾತ್ರಿ. "ಕಾಕಾ, ನೀವು ಕನ್ನಡದಾಗ ಕೂಡಿಸೀರೇನು?" ಎಂದು ಅಂಬಾರಾಯ ಕೇಳಿಯೇಬಿಟ್ಟ. "ಬಾಯಿಲೆ ಹೇಳಿದಾಗ ಬರೋಬ್ಬರಿ ಇತ್ತು. ನೀವು ಬರದ ಮ್ಯಾಲನ ಕೆಟ್ಟದ್ದು."

ನೀವೇ ಹೇಳಿ, ಇದಕ್ಕೆ ಏನು ಉತ್ತರ ಕೊಡುವುದು? ಸಿಟ್ಟಿನಿಂದ ಕಳೆಯುವ ಲೆಕ್ಕವನ್ನೂ ಮಾಡಿ ತೋರಿಸಿದೆ. ಒಂದರಲ್ಲಿ ಅರ್ಧ ಕಳೆ, ಮೂರನೇ ಒಂದು ಕಳೆ, ಆರನೇ ಒಂದು ಉಳಿಯುತ್ತದೆ, ಕಾಲು ಉಳಿಯುವುದಿಲ್ಲ ಎಂದೆ. "ಹಂಗಾದ್ರ ನೀವು ಆರನೇ ಒಂದ ತಗೋರಿ ಕಾಕಾ, ನೀವು ದೊಡ್ಡವರು, ನಿಮ್ಮ ಮನಸ್ಸೂ ದೊಡ್ಡದು" ಎಂದು ಐದೂ ಜನ ಒಂದೇ ದನಿಯಲ್ಲಿ ಹೇಳಿದರು. ಆಹಾ, ಎಂಥ ಒಗ್ಗಟ್ಟು! ಒಳಗೆ ಪಾತ್ರೆ ತೊಳೆಯುತ್ತಿದ್ದ ನನ್ನ ಹೆಂಡತಿ ಮಹಾದೇವಿ ಒಂದು ತಂಬಿಗೆಯನ್ನು ಬೇಕಿದ್ದಕ್ಕಿಂತ ಜೋರಾಗಿ ಕೆಳಗಿಟ್ಟಳು. ಅದು ನನ್ನ ದೊಡ್ಡ ಮನಸ್ಸಿಗೆ ಅವಳ ಅಭಿಪ್ರಾಯ ಎಂದು ತಿಳಿದೆ. ಬೇರೇನೋ ಆಗಿತ್ತು ಎಂಬುದು ಆಮೇಲೆ ಗೊತ್ತಾಯಿತು.

ಅವರನ್ನು ಕಳಿಸಿ ನಾನು ಹಟ ಹಿಡಿದು ಕೂತೆ. ಬರೀ ಉಳದಾಣಿಯನ್ನಲ್ಲ, ಇಡೀ ಪಾಳಿಯನ್ನೇ ಬುಡದಿಂದ ಸರಿಮಾಡಬೇಕು ಎನಿಸಿತು. ಬಾವಿಯಲ್ಲಿ ನನ್ನ ಪಾಲು ಮೂರನೇ ಒಂದು. ಶಿವಶರಣನದೂ ಅವನ ತಮ್ಮನದೂ ಅದರ ಅರ್ಧ, ಅಂದರೆ ಆರನೇ ಒಂದೊಂದು. ಅಂಬಾರಾಯನ ಕಡೆ ಮೂವರದು ಒಂಬತ್ತನೇ ಒಂದೊಂದು. ಮೂರು, ಆರು, ಒಂಬತ್ತು. ಈ ಮೂರೂ ಯಾವ ಹೊರಸಿನ ಮೇಲೆ ಕೂರುತ್ತವೆ? ಹನ್ನೆರಡು ಎಂದೆ, ಒಂಬತ್ತು ಒಪ್ಪಲಿಲ್ಲ. ಹದಿನೈದು ಎಂದೆ, ಆರು ಎದ್ದು ಹೋಯಿತು. ಊಟಕ್ಕೆ ಕರೆದರೂ ಏಳಲಿಲ್ಲ. ಮಧ್ಯಾಹ್ನದ ಚಹಾದ ಹೊತ್ತಿಗೆ ಹದಿನೆಂಟು ಎಂಬ ಸಂಖ್ಯೆ ತಾನಾಗಿಯೇ ಬಂದು ನನ್ನ ಮುಂದೆ ಕೂತಿತು. ಹದಿನೆಂಟು ದಿನದ ಸುತ್ತು! ನನಗೆ ಆರು ದಿನ. ಅಣ್ಣತಮ್ಮಂದಿರಿಬ್ಬರಿಗೆ ಮೂರು ಮೂರು. ಆ ಮೂವರಿಗೆ ಎರಡು ಎರಡು. ಆರು, ಆರು, ಆರು, ಹದಿನೆಂಟು. ಅರ್ಧ ಇಲ್ಲ, ಮೂರನೇ ಎರಡು ಇಲ್ಲ, ನೆರಳು ಇಲ್ಲ, ಮೊಬೈಲು ಇಲ್ಲ. ಎಲ್ಲರಿಗೂ ಇಡೀ ಇಡೀ ದಿನ. ಭಿನ್ನರಾಶಿಗಳನ್ನು ಕೊಂದು ಪೂರ್ಣಸಂಖ್ಯೆ ಮಾಡಿಬಿಟ್ಟಿದ್ದೆ. ಮುತ್ಯಾ ಐವತ್ತು ವರ್ಷದ ಕೆಳಗೆ ಮಾಡಲಾಗದ್ದನ್ನು ಒಂಬತ್ತಾಣೆಯ ಮೊಮ್ಮಗ ಒಂದು ಹಗಲಿನಲ್ಲಿ ಮಾಡಿದ್ದ.

ನಾನು ತಡೆಯಲಾರದೆ ಜೇವರ್ಗಿಯ ಆ ಗಣಿತದ ಮಾಸ್ತರರಿಗೆ ಫೋನು ಹಚ್ಚಿದೆ. ಎಲ್ಲ ಕೇಳಿ, "ಇದಕ್ಕ ಚೌಕಟ್ಟು ಹಾಕ್ರಿ" ಎಂದರು. ನನ್ನ ಕಣ್ಣು ತುಂಬಿ ಬಂತು. ಸಂಜೆ ಬಾವಿಗೆ ಹೋಗಿ, ಮೋಟಾರು ಕೋಣೆಯ ಸುಣ್ಣದ ಗೋಡೆಯ ಮೇಲೆ ಇದ್ದಿಲಿನಿಂದ, ನನ್ನ ಆರು ದಿನ ಮೊದಲಿಟ್ಟು, ಇಡೀ ಪಾಳಿ ಬರೆದು, ನಿಜವಾಗಿಯೂ ಸುತ್ತ ಚೌಕಟ್ಟು ಹಾಕಿದೆ. ಐದೂ ಹುಡುಗರು ಬಂದು ನೋಡಿದರು. ಬೆರಳಲ್ಲಿ ಎಣಿಸಿದರು. ಅಂಬಾರಾಯ, "ಖರೆ ಅದಲ್ಲೋ! ಕಾಕಾನ ತಲಿ ಅಂದ್ರ ತಲಿ" ಎಂದ. ನಾನು ಬಹಳ ದಿನದ ಮೇಲೆ ಎದೆ ಉಬ್ಬಿಸಿಕೊಂಡು ಮನೆಗೆ ನಡೆದೆ.

ಮಹಾದೇವಿ ಬಾಗಿಲಲ್ಲೇ ನಿಂತಿದ್ದಳು. "ಎಲ್ಲಾರಿಗೂ ಕೊಟ್ಟು ಬಂದ್ರಿ?"

"ಎಲ್ಲಾರಿಗೂ. ಒಂದ ತಾಸೂ ಆ ಕಡೆ ಈ ಕಡೆ ಇಲ್ಲ."

"ಉಳದಾಣಿ ಎಲ್ಲಿ ಹೋತು?"

"ಅದು ಎಲ್ಲಾರೊಳಗ ಕರಗಿ ಹೋತು. ಈಗ ಮಿಕ್ಕೂದ ಇಲ್ಲ. ಅದ ಅಲ್ಲೇನು ಈ ಲೆಕ್ಕದ ಚೆಂದ?"

"ಕೌದಿ?"

"ಕೌದಿಗೇನು? ಯಾವ ದಿನಾ ಆದ್ರೂ ಒಗೀರಿ. ನಮ್ಮ ಆರು ದಿನದಾಗ ನಮ್ಮ ಕೌದಿ, ಅವರ ಮೂರು ದಿನದಾಗ ಅವರ ಕೌದಿ."

ಮಹಾದೇವಿ ಸೆರಗು ಸೊಂಟಕ್ಕೆ ಸಿಕ್ಕಿಸಿ ದೊಡ್ಡಪ್ಪನ ಮನೆಯ ಕಡೆ ನಡೆದಳು. ನಾನು ಹದಿನೆಂಟರ ಅಮಲಿನಲ್ಲಿದ್ದೆ, ಯಾಕೆಂದು ಕೇಳಲಿಲ್ಲ.

ಮರುದಿನ ಮುಂಜಾನೆ ಚಹಾ ಕುಡಿಯುತ್ತ ಕಟ್ಟೆಯ ಮೇಲೆ ಕೂತಿದ್ದೇನೆ, ಓಣಿಯ ತಿರುವಿನಿಂದ ಒಂದು ಮೆರವಣಿಗೆ ಬಂತು. ಮುಂದೆ ಚಂದ್ರಮ್ಮ ವೈನಿ. ಅವಳು ದೊಡ್ಡಪ್ಪನ ಮಗನ ಹೆಂಡತಿ, ನನಗೆ ಅತ್ತಿಗೆ, ಶಿವಶರಣನ ತಾಯಿ. ಎಪ್ಪತ್ತು ದಾಟಿದ್ದಾಳೆ, ನಡು ಬಗ್ಗಿದೆ, ನಾಲಿಗೆ ನೆಟ್ಟಗಿದೆ. ಅವಳ ಹಿಂದೆ ಅವಳ ಇಬ್ಬರು ಸೊಸೆಯರು, ಅವರ ಹಿಂದೆ ಅಂಬಾರಾಯನ ಮನೆಯ ಮೂವರು. ಎಲ್ಲರ ತಲೆಯ ಮೇಲೂ ಕೌದಿ. ಒಬ್ಬೊಬ್ಬರಾಗಿ ಬಂದು ನನ್ನ ಕಟ್ಟೆಯ ಮೇಲೆ ಧಪ್ ಧಪ್ ಎಂದು ಇಳಿಸಿದರು. ಕಡೆಗೆ ನಮ್ಮ ಮನೆಯೊಳಗಿಂದಲೇ ಮಹಾದೇವಿ ನಮ್ಮ ಕೌದಿಯನ್ನು ತಂದು ಎಲ್ಲದರ ಮೇಲೆ ಒಗೆದಳು. ಒಂದು ಆಳು ಎತ್ತರದ ಗುಡ್ಡೆಯಾಯಿತು. ನನ್ನ ಚಹಾದ ಕಪ್ಪು ಅದರ ಹಿಂದೆ ಎಲ್ಲೋ ಉಳಿಯಿತು.

"ಇವನ್ನೂ ಜರಾ ಛೇದ ಸಮ ಮಾಡು, ಮಾಸ್ತರಾ" ಎಂದಳು ಚಂದ್ರಮ್ಮ ವೈನಿ.

"ವೈನಿ, ಯಾವ ದಿನಾ ಆದ್ರೂ ಒಗೀಬಹುದಲ್ಲ..."

"ಒಗೀಬಹುದು. ಒಬ್ಬಾಕಿ ಒಗೀಬಹುದು. ನೀ ಎಂದಾದ್ರೂ ಒಂದು ತೊಯ್ದ ಕೌದಿ ಎತ್ತೀಯೇನು? ಎಮ್ಮಿ ಕರಾ ಎತ್ತಿದಂಗ ಆಗ್ತದ."

"ಗಂಡಸೂರು ಬ್ಯಾರೆ ಆಗ್ಯಾರ" ಎಂದಳು ಅಂಬಾರಾಯನ ಹೆಂಡತಿ, ಸೆರಗು ಬಾಯಿಗೆ ಅಡ್ಡ ಹಿಡಿದು. "ನಮ್ಮವ್ರು ಆಕೀ ಮನಿಗೆ ಹೋಗಬ್ಯಾಡ ಅಂತಾರ, ಆಕಿ ಗಂಡ ನಮ್ಮ ಮನಿಗೆ ಬರಬ್ಯಾಡ ಅಂತಾನ. ಹದಿನಾರು ದಿನಕ್ಕ ಒಂದ್ಸಲ ಬಾವ್ಯಾಗ ಭೆಟ್ಟಿ ಆಗ್ತಿದ್ದಿವಿ. ಅದನ್ನೂ ಕರಗಿಸಿ ಬಂದೀರಿ."

ನಾನು ಮಾಸ್ತರಿಕೆಯ ದನಿ ತೆಗೆದೆ. "ನೋಡ್ರಿ, ಅದು ಮೂಲದಾಗ ಒಂದು ತಪ್ಪು. ಮುತ್ಯಾಗ ಹದಿನಾರು ಮೂರರಿಂದ ಭಾಗಾ ಮಾಡಾಕ ಬರಲಿಲ್ಲ. ಮಿಕ್ಕಿದ್ದು ಬಿಟ್ಟ. ನಾ ಆ ತಪ್ಪು ತಿದ್ದೇನಿ, ಅಷ್ಟ."

ಚಂದ್ರಮ್ಮ ವೈನಿ ಕೌದಿಗಳ ಗುಡ್ಡೆಗೆ ಒರಗಿ ಕೂತುಬಿಟ್ಟಳು. ನಗು ತಡೆಯಲಾಗದೆ ಅವಳ ಭುಜ ಅಲುಗುತ್ತಿತ್ತು. "ನಿಮ್ಮ ಮುತ್ಯಾಗ ಮೂರು ಪಾಲು ಮಾಡಾಕ ಬರ್ತಿದ್ದಿಲ್ಲ? ಕಣದಾಗ ಜ್ವಾಳದ ರಾಶಿ ಕಣ್ಣಳತಿಲೆ ಮೂರು ಮಾಡ್ತಿದ್ದ, ಆಮ್ಯಾಲ ಸೇರಿನಿಂದ ಅಳದ್ರ ಒಂದು ಬೊಗಸಿ ಹೆಚ್ಚು ಕಮ್ಮಿ ಬರ್ತಿದ್ದಿಲ್ಲ. ಯಾರೋ ನಿನಗ ಹೇಳಿದವರು?"

"ಹಂಗಾದ್ರ ಆ ಒಂದಾಣಿ ಯಾಕ ಬಿಟ್ಟ?"

"ಬಿಟ್ಟದ್ದಲ್ಲೋ, ಇಸಕೊಂಡದ್ದು. ನಾ ಆಗಿನ್ನಾ ಹೊಸಾ ಸೊಸಿ, ಕದದ ಹಿಂದ ನಿಂತು ಕೇಳೇನಿ. ನಿಮ್ಮ ಮುತ್ಯಾ ಪಾಲು ಹೇಳಿ ಮುಗಿಸಿದ ಮ್ಯಾಲ ನಿಮ್ಮ ಆಯಿ ಅಂದ್ಳು: 'ಮೂರೂ ಮಕ್ಕಳಿಗೆ ಹಿಸ್ಸಾ ಕೊಟ್ಟಿ. ಮನಿ ಮುರದು ಮೂರು ಮಾಡಿದ ಮ್ಯಾಲ ಈ ಸೊಸ್ತೇರು ಒಬ್ಬರ ಮುಖಾ ಒಬ್ಬರು ಎಲ್ಲಿ ನೋಡಬೇಕು? ಬಾವ್ಯಾಗ ನನಗೊಂದು ಆಣಿ ಇಡು.' ಮುತ್ಯಾ ಪಂಚರ ಮುಂದ ಹೆಂಗಸಿನ ಹೆಸರಿಲೆ ಹಿಸ್ಸಾ ಹೆಂಗ ಹೇಳ್ತಾನ? ಅದಕ್ಕ 'ಭಾಗಾ ಹೋಗವಲ್ದು, ಒಂದು ಉಳೀತು' ಅಂತ ಅಂದುಬಿಟ್ಟ. ಪಂಚರೂ ನಿನ್ನಂಗ ಶಾಣ್ಯಾರು, ನಂಬಿದ್ರು."

ಐವತ್ತು ವರ್ಷ ನಾನು ಯಾರನ್ನು ಪಾಪವೆಂದು ಕ್ಷಮಿಸಿಕೊಂಡು ಬಂದಿದ್ದೆನೋ ಅವನು ಬೇಕೆಂದೇ ತಪ್ಪು ಲೆಕ್ಕ ಮಾಡಿ, ದಡ್ಡನೆನಿಸಿಕೊಂಡು, ಸುಖವಾಗಿ ತೀರಿಹೋಗಿದ್ದ.

ಅಷ್ಟರಲ್ಲಿ ಹೆಂಡಂದಿರನ್ನು ಹುಡುಕಿಕೊಂಡು ಐದೂ ಗಂಡಂದಿರು ಬಂದರು. ಹೆಂಗಸರ ಸಾಲನ್ನೂ ಕೌದಿಗಳ ಗುಡ್ಡೆಯನ್ನೂ ನೋಡಿ, ಮುಂಜಾನೆಯಿಂದ ಯಾರ ಮನೆಯಲ್ಲೂ ಒಲೆ ಹೊತ್ತಿಲ್ಲ ಎಂಬುದು ಅವರಿಗೆ ತಟ್ಟನೆ ಹೊಳೆಯಿತು. ಶಿವಶರಣ ನನ್ನ ಕಡೆ ತಿರುಗಿ, "ಏನ್ ಮಾಡಿಟ್ಟೀರಿ ಕಾಕಾ ಇದು?" ಎಂದ, ಉಳದಾಣಿಯನ್ನು ಹಂಚಲು ತಾನು ಬಂದೇ ಇರಲಿಲ್ಲ ಎಂಬ ಹಾಗೆ.

"ಈಗ ಏನೂ ಮಾಡಾಕ ಬರಂಗಿಲ್ಲ" ಎಂದೆ. "ಹದಿನೆಂಟು ಪೂರ್ತಿ ತುಂಬ್ಯಾದ. ಒಂದು ದಿನಾ ಬೇಕಂದ್ರ ಯಾರದಾದ್ರೂ ಪಾಲಿನ್ಯಾಗ ಕಳೀಬೇಕು."

"ಯಾಕ ಕಳೀಬೇಕು?" ಎಂದಳು ಮಹಾದೇವಿ. "ಹದಿನೆಂಟರ ಮುಂದ ಹತ್ತೊಂಬತ್ತು ಬರಂಗಿಲ್ಲೇನು?"

ಎಲ್ಲರೂ ನನ್ನನ್ನೇ ನೋಡಿದರು. ನಾನು ತಾಳ್ಮೆಯಿಂದ ವಿವರಿಸಿದೆ. ಹತ್ತೊಂಬತ್ತಾದರೆ ನನ್ನ ಆರು ದಿನ ಮೂರನೇ ಒಂದು ಆಗುವುದಿಲ್ಲ. ಅವರ ಮೂರು ದಿನ ಆರನೇ ಒಂದು ಆಗುವುದಿಲ್ಲ. ಹತ್ತೊಂಬತ್ತು ಯಾವುದರಿಂದಲೂ ಭಾಗವಾಗದ ಮೊಂಡ ಸಂಖ್ಯೆ. ಛೇದದಲ್ಲಿ ಅದು ಬಂದು ಕೂತಿತೆಂದರೆ ಯಾವ ಪಾಲೂ ಚೊಕ್ಕವಾಗಿ ಬರುವುದಿಲ್ಲ. ಮಾಡಿದ ಲೆಕ್ಕವೆಲ್ಲ ಹಾಳು.

"ಅಂದ್ರ ಹತ್ತೊಂಬತ್ತನ್ನ ಯಾರೂ ಒಡಿಯಾಕ ಬರಂಗಿಲ್ಲ?" ಎಂದು ಅಂಬಾರಾಯ ಕೇಳಿದ.

"ಯಾರ ಕೈಲೂ ಆಗಂಗಿಲ್ಲ."

"ಛಲೋನ ಆತು ಬಿಡ್ರಿ. ಇನ್ನ ಯಾರೂ ಅದರೊಳಗ ಪಾಲು ಕೇಳಾಕ ಬರಂಗಿಲ್ಲ." ಅವನು ತನ್ನ ಹೆಂಡತಿಯ ಕೌದಿಯನ್ನು ಗುಡ್ಡೆಯಿಂದ ಎಳೆದು ಹೆಗಲಿಗೆ ಹಾಕಿಕೊಂಡು ಮನೆಯ ಕಡೆ ನಡೆದೇಬಿಟ್ಟ. ಅವನಿಗೆ ಹಸಿವಾಗಿತ್ತು.

ಹೀಗೆ ತೀರ್ಮಾನವಾಯಿತು. ಅವತ್ತೇ ಮಹಾದೇವಿ ಬಾವಿಗೆ ಹೋಗಿ, ನನ್ನ ಚೌಕಟ್ಟಿನ ಹೊರಗೆ, ಇದ್ದಿಲಿನಿಂದ ಒಂದು ಅಡ್ಡಗೆರೆ ಎಳೆದು ಬಂದಳು. ಹತ್ತೊಂಬತ್ತನೆಯ ದಿನ ಅಂದರೆ ಅದು. ಹೆಸರೂ ಬರೆಯಲಿಲ್ಲ. ನಾನು ಜೇವರ್ಗಿಗೆ ಫೋನು ಮಾಡಿ ಹೇಳಲಿಲ್ಲ. ಮೂರನೇ ಒಂದು ಎಂಬುದು ಹತ್ತೊಂಬತ್ತರಲ್ಲಿ ಆರು ಎಂದು ಒಬ್ಬ ಗಣಿತದ ಮಾಸ್ತರರಿಗೆ ಹೇಳುವ ಮುಖ ನನಗಿರಲಿಲ್ಲ. ವಿಚಿತ್ರವೆಂದರೆ ಪಾಳಿ ನಡೆಯಿತು. ಲೆಕ್ಕ ತಪ್ಪಿದ್ದರೂ ಜಗಳವಾಗಲಿಲ್ಲ. ಭೂಸನೂರಿನ ಸಕ್ಕರೆ ಕಾರ್ಖಾನೆಗೆ ಹೋಗುವ ಅಂಬಾರಾಯನ ಕಬ್ಬು ಹಸಿರಾಗಿಯೇ ಇತ್ತು. ಯಾರೂ ಯಾರ ಅಂಗಿಯನ್ನೂ ಹಿಡಿಯಲಿಲ್ಲ. ಇದು ನನಗೆ ಸಮಾಧಾನ ತರಬೇಕಿತ್ತು. ತರಲಿಲ್ಲ. ತಪ್ಪು ಉತ್ತರ ಇಷ್ಟು ಚೆನ್ನಾಗಿ ನಡೆದರೆ ಸರಿ ಉತ್ತರಕ್ಕೆ ಏನು ಮರ್ಯಾದೆ ಉಳಿಯಿತು?

ಯಾರ ಪಾಳಿ ಯಾವಾಗ ಎಂದು ಕ್ಯಾಲೆಂಡರಿನಲ್ಲಿ ಗುರುತು ಹಾಕುವ ಕೆಲಸ ನನ್ನದಾಯಿತು. ಇಲ್ಲೇ ನನ್ನ ಹಣೆಬರಹ ನೋಡಿ. ಕೈ ಹತ್ತೊಂಬತ್ತು ಎಂದು ಒಪ್ಪಿಕೊಂಡರೂ ತಲೆ ಹದಿನೆಂಟನ್ನು ಬಿಟ್ಟಿರಲಿಲ್ಲ. ಹದಿನೆಂಟು ದಿನ ಎಣಿಸಿ, ಮರುದಿನದಿಂದ ನನ್ನ ಆರು ದಿನ ಎಂದು ಚೊಕ್ಕವಾಗಿ ಬರೆದಿದ್ದೆ. ಆ ಮುಂಜಾನೆ ಮಹಾದೇವಿ ಎದ್ದು ಎಲ್ಲಿಗೋ ಹೋಗಿದ್ದಳು. ಕೇಳುವ ಗೋಜಿಗೆ ಹೋಗಲಿಲ್ಲ. ಹೆಗಲಿಗೆ ಟವೆಲು, ಕೈಯಲ್ಲಿ ಸಲಿಕೆ, ನಮ್ಮ ಉಳ್ಳಾಗಡ್ಡಿ ಮಡಿಗೆ ನೀರು ಬಿಡಬೇಕೆಂದು ಬಾವಿಗೆ ಹೋದೆ. ಬೇವಿನ ಮರ ದಾಟಿ ತಲೆ ಎತ್ತಿ ನೋಡಿದರೆ ಏಳು ಜನ ಹೆಂಗಸರು, ಸೀರೆ ಮೇಲೆ ಕಟ್ಟಿ, ಮೊಣಕಾಲ ತನಕ ನೊರೆಯಲ್ಲಿ. ಮಾತು, ನಗು, ಕೌದಿ ಬಡಿಯುವ ಸದ್ದು ಎಲ್ಲ ಒಮ್ಮೆಲೇ ನಿಂತವು.

ನಾನು ಸಲಿಕೆಯನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡು ಹಿಂದೆ ಹೆಜ್ಜೆ ಇಟ್ಟೆ.

"ಎಲ್ಲಿ ಹೊಂಟಿ? ಬಂದೀದಿ, ಒಂದು ಕೊನಿ ಹಿಡಿ" ಎಂದಳು ಚಂದ್ರಮ್ಮ ವೈನಿ.

ತೊಯ್ದ ಕೌದಿಯ ಒಂದು ತುದಿ ನನ್ನ ಕೈಗೆ ಬಂತು. ಇನ್ನೊಂದು ತುದಿ ಎಪ್ಪತ್ತು ದಾಟಿದ ಆ ಮುದುಕಿಯ ಕೈಯಲ್ಲಿ. ಎಮ್ಮೆಯ ಕರುವಿನ ಮಾತು ಸುಳ್ಳಲ್ಲ. ಹಿಂಡಬೇಕಂತೆ. ಅವಳು ಬೇವಿನ ಮರದ ಕಡೆಗೆ ತಿರುವಿದಳು. ಗುರುತು ಹಿಡಿದು ನಾನೂ ಬೇವಿನ ಮರದ ಕಡೆಗೇ ತಿರುವಿದೆ. ಅವಳು ಇನ್ನೊಂದು ಸುತ್ತು, ನಾನೂ ಅದೇ ಕಡೆಗೆ ಇನ್ನೊಂದು ಸುತ್ತು. ಕೌದಿ ನಮ್ಮಿಬ್ಬರ ನಡುವೆ ಒಂದು ದೊಡ್ಡ ಹೆಬ್ಬಾವಿನಂತೆ ಸುಮ್ಮನೆ ಹೊರಳುತ್ತ ಹೋಯಿತು. ನೀರು ಮಾತ್ರ ಒಂದು ಹನಿ ಬೀಳಲಿಲ್ಲ. ನಾನು ಇನ್ನೂ ಜೋರಾಗಿ, ಹಲ್ಲು ಕಚ್ಚಿ, ಅವಳು ತಿರುವಿದಷ್ಟೇ, ಅವಳು ತಿರುವಿದ ಕಡೆಗೇ, ಬಹಳ ನಿಷ್ಠೆಯಿಂದ ತಿರುವಿದೆ. ಏಳೂ ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಂಬಾರಾಯನ ಹೆಂಡತಿ ನೊರೆಯಲ್ಲೇ ಕೂತುಬಿಟ್ಟಳು.

"ರೀ," ಎಂದಳು ಮಹಾದೇವಿ, ಕಣ್ಣೊರೆಸಿಕೊಳ್ಳುತ್ತ, "ಎಲ್ಲಾನೂ ಸಮ ಮಾಡಾಕ ಹೋಗಬ್ಯಾಡ್ರಿ. ವೈನಿ ಆ ಕಡೆ ತಿರುವಿದ್ರ ನೀವು ಈ ಕಡೆ ತಿರುವಬೇಕು."

ನಾನು ಈ ಕಡೆ ತಿರುವಿದೆ. ಕೌದಿಯ ಹೊಟ್ಟೆಯಲ್ಲಿದ್ದ ಅಷ್ಟೂ ನೀರು ಒಮ್ಮೆಲೇ ಜರ್ರೆಂದು ಹೊರಬಿದ್ದು, ನನ್ನ ಧೋತರದಿಂದ ಚಪ್ಪಲಿಯ ತನಕ ತೋಯಿಸಿತು. ಇನ್ನೂ ಆರು ಕೌದಿ ಉಳಿದಿದ್ದವು. ಅಷ್ಟನ್ನೂ ಹಿಂಡಿಸಿಕೊಂಡ ಮೇಲೆಯೇ ನನ್ನನ್ನು ಬಿಟ್ಟರು.